ನಿಂಬೆ ಗಿಡಕ್ಕೆ ತಂಬಾಕಿನ ನೀರು

ಆಗ ನನಗೆ ಅರವತ್ತಾರು ವರ್ಷ. ಅದಾಗಿ ಈಗ ಐದು ವರ್ಷವಾಯಿತು.

ನಮ್ಮ ಮನೆ ನಾಗನೂರಿನ ಹೊರಗೆ, ಹೊಲದಲ್ಲಿದೆ. ಹಿತ್ತಲಲ್ಲಿ ಸೊಸೆ ಒಂದು ನಿಂಬೆ ಗಿಡ ಹಚ್ಚಿದ್ದಳು. ಎದೆಮಟ್ಟ ಬೆಳೆದು, ಇನ್ನೇನು ಹೂವು ಬಿಡಬೇಕು ಅನ್ನುವಾಗ ಹುಳ ಬಿದ್ದವು. ಸಣ್ಣವು ಎಲೆಯ ಮೇಲೆ ಹಕ್ಕಿ ಹಿಕ್ಕೆ ಹಾಕಿದಂತೆ ಕಾಣುತ್ತಿದ್ದವು. ದೊಡ್ಡವು ಎಲೆಯಷ್ಟೇ ಹಸಿರು. ಮುಟ್ಟಿದರೆ ತಲೆಯಿಂದ ಕೆಂಪು ಕೊಂಬು ಹೊರಗೆ ಹಾಕಿ ಗಬ್ಬು ನಾರುತ್ತಿದ್ದವು. ನಾಲ್ಕು ದಿನದಲ್ಲಿ ಒಂದು ಬದಿಯ ಟೊಂಗೆಗಳಲ್ಲಿ ಮುಳ್ಳಷ್ಟೇ ಉಳಿದವು.

ಹುಳದ ಔಷಧಕ್ಕೆ ನಮ್ಮ ಕಡೆ ಎಣ್ಣೆ ಅನ್ನುತ್ತೇವೆ. ಮಗನಿಗೆ ಹೇಳಿ ಮೂಡಲಗಿಯಿಂದ ಎಣ್ಣೆ ತರಿಸೋಣ ಎಂದು ಸೊಸೆ ಅಂದಳು. ನಾನು ಬೇಡವೆಂದೆ.

"ತಿನ್ನೂ ಹಣ್ಣಿನ ಗಿಡಕ್ಕ ವಿಷಾ ಯಾಕ ಹೊಡೀತಿ? ತಂಬಾಕ ಕುದಿಸಿ ಹಾಕು. ನಮ್ಮವ್ವ ಹಂಗ ಮಾಡತಿದ್ಲು."

"ತಂಬಾಕನೂ ವಿಷಾನ ಅಲ್ಲೇನ್ರಿ ಅತ್ತಿ?"

"ಐವತ್ತ ವರ್ಷಾತು, ದಿನಾ ಎರಡ ಸಲ ಹಲ್ಲಿಗಿ ತಿಕ್ಕತೇನಿ. ಸತ್ತೇನೇನ?"

"ಹಂಗಾರ ಹುಳಾನೂ ಸಾಯಂಗಿಲ್ಲ ಬಿಡ್ರಿ. ಹಲ್ಲ ತಿಕ್ಕೊಂಡ ಆರಾಮ ಕುಂಡ್ರತಾವು" ಎಂದು ನಕ್ಕಳು.

ನಾನು ತಿಕ್ಕುವುದು ಮಶೇರಿ. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿದ್ದು. ಬೆಲ್ಲದ ಬಾಗೇವಾಡಿಯಲ್ಲಿರುವ ನನ್ನ ತಂಗಿ ವರ್ಷಕ್ಕೊಮ್ಮೆ ಒಳ್ಳೆ ಖಾರದ ಎಲೆ ಕಳಿಸುತ್ತಾಳೆ. ಅದರಲ್ಲೇ ಎರಡು ಹಿಡಿ ತೆಗೆದು ಹಂಡೆಗೆ ಹಾಕಿ ಕುದಿಸಿದೆ. ಆರಿದ ಮೇಲೆ, ಕೈಯಿಂದ ಚೆನ್ನಾಗಿ ಹಿಚುಕು ಎಂದು ಸೊಸೆಗೆ ಹೇಳಿದೆ. ಅವಳು ಮೊಣಕೈವರೆಗೆ ಕೈ ಅದ್ದಿ ಹಿಚುಕಿದಳು. ನೀರು ಚಹಾದ ಬಣ್ಣಕ್ಕೆ ಬಂತು.

ಎಣ್ಣೆ ಹೊಡೆಯುವ ಪಂಪು ಕೆಟ್ಟಿತ್ತು. ಕಸಬರಿಗೆಯನ್ನು ಅದ್ದಿ ಅದ್ದಿ ಗಿಡಕ್ಕೆ ಬಡಿದಳು. ಹುಳ ಎಲೆಯ ಕೆಳಗೂ ಇದ್ದವಲ್ಲ, ಗಿಡದ ಬುಡಕ್ಕೆ ಕೂತು ಮೇಲಕ್ಕೂ ಬಡಿದಳು. ಆ ನೀರೆಲ್ಲ ಅವಳ ತಲೆ, ಕುತ್ತಿಗೆ, ಕುಪ್ಪಸದ ಮೇಲೆ ಇಳಿಯಿತು. ಮುಳ್ಳು ಕೈ ಗೀರಿತ್ತು. ನಾನು ಕಟ್ಟೆಯ ಮೇಲೆ ಕೂತು, ಅಲ್ಲಿ ಬಡಿ, ಇಲ್ಲಿ ಬಡಿ ಎಂದು ಹೇಳುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಅವಳು ಕಸಬರಿಗೆ ಕೆಳಗಿಟ್ಟಳು.

"ಅತ್ತಿ, ತಲಿ ತಿರಗಾಕತ್ತೈತ್ರಿ."

"ಬಿಸಲಿಗೆ ಅದು. ನೆರಳಿಗೆ ಬಾ."

ಬರುವಾಗಲೇ ಬೇಲಿ ಹಿಡಿದು ವಾಂತಿ ಮಾಡಿದಳು. ಅವಳ ಮದುವೆಯಾಗಿ ಮೂರು ವರ್ಷವಾಗಿತ್ತು. ಮನೆಯಲ್ಲಿ ಕೂಸು ಇರಲಿಲ್ಲ. ನನ್ನ ಬುದ್ಧಿ ನೆಟ್ಟಗೆ ಅಲ್ಲಿಗೇ ಹೋಯಿತು. ಒಳಗೆ ಓಡಿ ಬೆಲ್ಲದ ಚೂರು ತಂದು ಅವಳ ಬಾಯಿಗೆ ತುರುಕಿದೆ. ಬಾಜೂ ಹೊಲದವನಿಗೆ ಕೇಳುವಂತೆ ಕೂಗಿದೆ.

"ತಮ್ಮಾ, ನಮ್ಮ ಮನ್ಯಾಗ ಸಿಹಿ ಸುದ್ದಿ ಐತೋ!"

ಸೊಸೆ ಬೆಲ್ಲ ಉಗುಳಿದಳು. "ಹಂಗೇನಿಲ್ರಿ ಅತ್ತಿ. ಮೊನ್ನೆರ ತಲಿಮ್ಯಾಲ ನೀರ ಹಾಕ್ಕೊಂಡೇನಿ."

ಅಂದರೆ ಮುಟ್ಟಿನ ಸ್ನಾನವಾಗಿ ಎರಡೇ ದಿನ. ಹಾಗಾದರೆ ಈ ವಾಂತಿ ಯಾತರದ್ದು? ಆಗ ನಾನು ಅವಳ ಮುಖವನ್ನು ಸರಿಯಾಗಿ ನೋಡಿದೆ. ಸುಣ್ಣದಂತೆ ಬಿಳಿಚಿತ್ತು. ಬಾಯಿಂದ ಜೊಲ್ಲು ತಡೆಯದೆ ಸುರಿಯುತ್ತಿತ್ತು. ಆ ಬಿಸಿಲಲ್ಲಿ ಕೈ ಮುಟ್ಟಿದರೆ ತಣ್ಣಗೆ, ಬೆವರು, ನಡುಕ. ಏಳು ಅಂದರೆ ಏಳಲಾಗಲಿಲ್ಲ. ಮೂರು ಹೆರಿಗೆ, ಎರಡು ಸಾವು ಕಂಡವಳು ನಾನು. ಆದರೂ ಅವತ್ತು ಬರೀ ಅವಳ ಕೈ ತಿಕ್ಕುತ್ತ ಕೂತೆ. ಬಾಜೂ ಹೊಲದವನು ಸುದ್ದಿ ಕೇಳಿ ನಗುತ್ತ ಬಂದವನು ಅವಳನ್ನು ನೋಡಿ, ತಿರುಗಿ ಓಡಿ ತನ್ನ ಟಂಟಂ ಆಟೋ ತಂದ.

ಮೂಡಲಗಿ ಮುಟ್ಟುವವರೆಗೆ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಕರೆದರೆ ಮೊದಲು ಹೂಂ ಅಂದಳು. ಆಮೇಲೆ ಅದೂ ನಿಂತಿತು.

ದವಾಖಾನೆಯಲ್ಲಿದ್ದವರು ಹೆಣ್ಣು ಡಾಕ್ಟರ್, ನಾವು ಬಾಯಾರು ಅನ್ನುತ್ತೇವೆ. ಅವರು ಹತ್ತಿರ ಬಂದವರೇ ಮೂಗು ಅರಳಿಸಿದರು.

"ಏನಿದು ತಂಬಾಕಿನ ವಾಸನಿ?"

ನಡೆದದ್ದನ್ನು ಹೇಳಿದೆ.

"ತೊಯ್ದ ಬಟ್ಟಿ ಮ್ಯಾಲೇ ಕರಕೊಂಡ ಬಂದೀರೇನ್ರಿ?"

"ಆಕಿ ತಿಂದಿಲ್ರಿ ಬಾಯಾರ. ಕುಡದಿಲ್ಲ. ಬರೇ ಮೈ ತೊಯ್ದೈತಿ."

"ಚರ್ಮದಾಗಿಂದ ಒಳಗ ಇಳೀತೈತಿ, ಅಜ್ಜಿ. ಆಕಿಗಿ ತಂಬಾಕ ರೂಢಿ ಐತೇನು?"

"ಮುಟ್ಟಂಗಿಲ್ರಿ."

"ಅದಕ್ಕ ಇಷ್ಟ ಬಡದೈತಿ. ನಿಮಗಾಗಿದ್ರ ತಡಕೋತಿದ್ರಿ."

ನರ್ಸುಗಳು ಸೀರೆ ಕುಪ್ಪಸ ಬಿಚ್ಚಿ ಅವಳ ಮೈಯೆಲ್ಲ ಸೋಪು ಹಚ್ಚಿ ತೊಳೆದರು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ನಾನು ಐವತ್ತು ವರ್ಷ ಬಾಯಲ್ಲಿ ಇಟ್ಟುಕೊಂಡದ್ದು ಅವಳನ್ನು ಒಂದು ಮುಂಜಾನೆಯಲ್ಲಿ ಕೆಡವಿತ್ತು. ಅವಳು ಕೇಳಿಯೂ ಕೇಳಿದ್ದಳು, ವಿಷ ಅಲ್ಲವೇನ್ರಿ ಎಂದು. ಉತ್ತರ ಕೊಟ್ಟವಳು ನಾನು. ಬಟ್ಟೆ ಬದಲಿಸುವುದು ಬಿಟ್ಟು ಬೆಲ್ಲ ತಿನ್ನಿಸಿದವಳೂ ನಾನೇ. ಮಶೇರಿ ಬಿಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಬಿಟ್ಟಿಲ್ಲ. ಆದರೆ ಅವತ್ತು ಸೊಂಟಕ್ಕೆ ಸಿಕ್ಕಿಸಿದ್ದ ಮಶೇರಿ ಡಬ್ಬಿ ಕೈಗೆ ತಾಗಿದಾಗ ಹಾವು ಮುಟ್ಟಿದಂತಾಗಿತ್ತು.

"ಬದುಕತಾಳೇನ್ರಿ?" ಎಂದು ಬಾಯಾರನ್ನು ಮೂರು ಸಲ ಕೇಳಿದೆ. ಮೂರು ಸಲವೂ, ಸಂಜೆತನಕ ನೋಡೋಣ ಎಂದರು.

ಸಂಜೆ ಅವಳು ಕಣ್ಣು ಬಿಟ್ಟಳು. ಕಬ್ಬಿನ ಟ್ರ್ಯಾಕ್ಟರ್ ಜೊತೆ ಹೋಗಿದ್ದ ಮಗ ಅಷ್ಟರಲ್ಲಿ ಬಂದಿದ್ದ. ಅವಳು ಅವನನ್ನು ಬಿಟ್ಟು ನನ್ನನ್ನು ನೋಡಿದಳು.

"ಹುಳಾ ಸತ್ತೂವೇನ್ರಿ ಅತ್ತಿ?"

"ನಿನ್ನ ಹುಳದ ಮನಿ ಹಾಳಾಗ್ಲಿ" ಎಂದೆ.

ಇನ್ನು ಭಯವಿಲ್ಲ, ನಾಳೆ ಮಧ್ಯಾಹ್ನ ಕರೆದುಕೊಂಡು ಹೋಗಿ ಎಂದು ಬಾಯಾರು ಹೇಳಿದರು. ಮಗ ಅಲ್ಲೇ ಉಳಿದ. ಎಮ್ಮೆ ಹಿಂಡಬೇಕೆಂದು ನಾನು ಮನೆಗೆ ಬಂದೆ.

ಮರುದಿನ ನಸುಕಿನಲ್ಲಿ ಎದ್ದು ಮೊದಲು ಗಿಡದ ಹತ್ತಿರ ಹೋದೆ. ಮನೆಗೆ ಬಂದರೆ ಅವಳು ಆ ಗಿಡ ಮುಟ್ಟದೆ ಇರುವವಳಲ್ಲ. ಹಂಡೆಯಲ್ಲಿ ಉಳಿದ ನೀರನ್ನು ಹೊಲದ ಆಚೆ ಗುಂಡಿ ತೋಡಿ ಸುರಿದು ಮಣ್ಣು ಮುಚ್ಚಿದೆ. ಬಾವಿಯಿಂದ ಆರು ಕೊಡ ನೀರು ತಂದು ಗಿಡವನ್ನು ಎಲೆ ಎಲೆ ಹಿಡಿದು ತೊಳೆದೆ. ಸಣ್ಣ ಹುಳ ಸತ್ತಿದ್ದವು. ದೊಡ್ಡವು ಇನ್ನೂ ಎಲೆ ತಿನ್ನುತ್ತಿದ್ದವು. ಅವನ್ನು ಒಂದೊಂದಾಗಿ ಬರಿಗೈಯಿಂದ ಕಿತ್ತು ಸೋಪಿನ ನೀರಿಗೆ ಹಾಕಿದೆ.