ಕಾಫಿ 73, ಚಹಾ 39

2016ನೇ ಇಸವಿ ಜೂನ್ 12, ಭಾನುವಾರ. ಮಾಟುಂಗದ ನಮ್ಮ ಕನ್ನಡ ಸಂಘದ ಸಭಾಂಗಣದಲ್ಲಿ ಸಂಜೆ 4 ಗಂಟೆ 10 ನಿಮಿಷಕ್ಕೆ ಚರ್ಚೆ ಆರಂಭವಾಯಿತು. ಬ್ರಿಟನ್ ಯುರೋಪಿನ ಒಕ್ಕೂಟವನ್ನು ಬಿಡಬೇಕೇ, ಅಲ್ಲೇ ಇರಬೇಕೇ ಎಂಬುದು ವಿಷಯ. ಅಲ್ಲಿನ ಜನ ಮತ ಹಾಕಲು ಇನ್ನು ಹನ್ನೊಂದು ದಿನ ಬಾಕಿ ಇತ್ತು.

ಬ್ರಿಟನ್ನಿನ ಗೊಡವೆ ಮಾಟುಂಗಕ್ಕೆ ಏಕೆ ಎಂದು ಕೇಳಬಹುದು. ಹಿಂದಿನ ವರ್ಷ ‘ಮುಂಬಯಿಯಲ್ಲಿ ಯಾರ ಕನ್ನಡ ಚೆನ್ನ’ ಎಂಬ ವಿಷಯವಿತ್ತು. ಕರಾವಳಿಯವರೂ ಬಯಲುಸೀಮೆಯವರೂ ಕುರ್ಚಿ ಎತ್ತುವುದೊಂದು ಬಾಕಿ ಉಳಿದಿತ್ತು. ಅದಕ್ಕೇ ಅಧ್ಯಕ್ಷರು ಈ ಸಲ ಯಾರ ಮನೆಯದ್ದೂ ಅಲ್ಲದ ಜಗಳವನ್ನು ಆರಿಸಿದರು. ಗೆದ್ದವರು ಡಿಸೆಂಬರಿನಲ್ಲಿ ಊರಿನ ಎಲ್ಲ ಸಂಘಗಳ ಚರ್ಚೆಗೆ ನಮ್ಮ ಪರವಾಗಿ ಹೋಗಬೇಕು. ಪಕ್ಷಕ್ಕೆ ಒಬ್ಬರೇ ಭಾಷಣಕಾರರು.

ನನಗೆ ಆಗ ಇಪ್ಪತ್ತು ವರ್ಷ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದೆ. ಹದಿಮೂರನೆಯ ವಯಸ್ಸಿನಿಂದ ದಿನಚರಿ ಇಟ್ಟಿದ್ದೇನೆ. ದಾದರ್ ಸ್ಟೇಷನ್ನಿನಲ್ಲಿ ಲೋಕಲ್ ಎಷ್ಟು ನಿಮಿಷ ತಡ, ಎಷ್ಟನೆಯ ಗಾಡಿಗೆ ಹತ್ತಲು ಸಾಧ್ಯವಾಯಿತು, ಎಲ್ಲವೂ ಅದರಲ್ಲಿದೆ. ಇದು ಗೊತ್ತಿದ್ದ ಅಧ್ಯಕ್ಷರು ಮತ ಎಣಿಸುವ ಕೆಲಸವನ್ನು ನನಗೆ ಕೊಟ್ಟರು. ಎಣಿಸುವವರಿಗೆ ಮತವಿಲ್ಲ ಎಂದು ಷರತ್ತು ಹಾಕಿದ್ದು ನಾನೇ. ನನ್ನ ಸ್ವಂತ ಅಭಿಪ್ರಾಯ ‘ಇರಬೇಕು’ ಎಂಬುದಾಗಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹತ್ತು ನಿಮಿಷ ತಡವಾದದ್ದು ಹೀಗೆ. ‘ಇರಬೇಕು’ ಪಕ್ಷಕ್ಕೆ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿದ್ದರು, ಪ್ರತಿವರ್ಷ ಗೆಲ್ಲುವವರು. ‘ಬಿಡಬೇಕು’ ಪಕ್ಷಕ್ಕೆ ಯಾರೂ ಹೆಸರು ಕೊಟ್ಟಿಲ್ಲ, ಆದ್ದರಿಂದ ಈ ಸಲ ಚರ್ಚೆಯಲ್ಲ, ಉಪನ್ಯಾಸ ಎಂದು ಅಧ್ಯಕ್ಷರು ಮೈಕಿನಲ್ಲಿ ಹೇಳುತ್ತಿದ್ದರು. ಆಗ ಅಡಿಗೆಮನೆಯ ಬಾಗಿಲಿನಿಂದ ಒಂದು ದನಿ ಬಂತು.

“ಹೆಸರು ಕೊಟ್ಟೀನ್ರೀ ನಾ.”

ನಮ್ಮ ಬಿಲ್ಡಿಂಗಿನ ಮೂರನೆಯ ಮಾಳಿಗೆಯ ಕಾಕು. ಕಾಕು ಎಂದರೆ ಚಿಕ್ಕಮ್ಮ, ನಾವೆಲ್ಲ ಕರೆಯುವುದು ಹಾಗೆ. ವಿಜಯಪುರದ ಕಡೆಯವರು. ಸಂಘದ ಯಾವ ಕಾರ್ಯಕ್ರಮವಿದ್ದರೂ ಉಪ್ಪಿಟ್ಟು ಅವರದ್ದೇ. ಹನ್ನೊಂದು ವರ್ಷದಿಂದ ಆ ಸಭಾಂಗಣದ ಒಲೆ ಅವರಿಗೆ ಗೊತ್ತು, ವೇದಿಕೆಯ ಮೆಟ್ಟಿಲು ಗೊತ್ತಿರಲಿಲ್ಲ. ಕಾರ್ಯದರ್ಶಿ ಪಟ್ಟಿಗಳನ್ನು ಹುಡುಕಿದರು. ಕಾಕುವಿನ ಹೆಸರು ನಿಜವಾಗಿಯೂ ಇತ್ತು, ಅಡಿಗೆಯವರ ಪಟ್ಟಿಯಲ್ಲಿ. ಕಾಕು ತಪ್ಪು ಹಾಳೆಯಲ್ಲಿ ಬರೆದಿದ್ದಾರೆ ಎಂದುಕೊಂಡು ಕಾರ್ಯದರ್ಶಿಯೇ ಅದನ್ನು ಭಾಷಣಕಾರರ ಪಟ್ಟಿಯಿಂದ ಅಲ್ಲಿಗೆ ಸಾಗಿಸಿದ್ದರು.

“ನೀವು ಉಪ್ಪಿಟ್ಟಿಗಲ್ವಾ ಅಕ್ಕ?” ಎಂದರು ಕಾರ್ಯದರ್ಶಿ.

“ಉಪ್ಪಿಟ್ಟು ಆಗೇತಿ. ಮುಚ್ಚಿಟ್ಟು ಬಂದೀನಿ. ಇನ್ನ ಮಾತಾಡಬೌದಲ್ರೀ?”

ಸಭೆ ನಕ್ಕಿತು. ಕಾಕು ನಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ವೇದಿಕೆ ಹತ್ತಿದರು.

ಬ್ಯಾಂಕಿನವರು ಮೊದಲು ಮಾತಾಡಿದರು, ಚೆನ್ನಾಗಿಯೇ. “ಒಂದು ಹೌಸಿಂಗ್ ಸೊಸೈಟಿ ಉಂಟು ಅಂತ ಇಟ್ಟುಕೊಳ್ಳಿ. ಐದು ವಿಂಗ್, ಒಂದೇ ನೀರಿನ ಟ್ಯಾಂಕ್. ಸಿ ವಿಂಗಿನವರು ನಾವು ಬೇರೆ ಅಂದ್ರೆ ಎಂತ ಮಾಡುದು? ಅಂಗಳದಲ್ಲಿ ಬಾವಿ ತೋಡುದಾ?” ನಾನು ಮನಸ್ಸಿನಲ್ಲೇ ಅವರಿಗೆ ಅಂಕ ಕೊಟ್ಟೆ.

ಕಾಕು ಕಾಗದ ತೆಗೆಯಲಿಲ್ಲ. “ಟ್ಯಾಂಕ್ ಒಂದ ಐತಿ, ಖರೆ. ನೀರು ನಮ್ಮ ಮಾಳಿಗಿಗೆ ಏರಂಗಿಲ್ಲ. ಮೇಂಟೆನನ್ಸ್ ಬಿಲ್ಲು ಮಾತ್ರ ಲಿಫ್ಟ್‌ನ್ಯಾಗ ಬರತೈತಿ,” ಎಂದರು. ಹಿಂದಿನ ಸಾಲಿನಿಂದ ಯಾರೋ ಸೀಟಿ ಹೊಡೆದರು. ಆಮೇಲೆ ಅವರು ತಮ್ಮ ಅತ್ತೆಮನೆಯ ಮಾತು ತೆಗೆದರು. ಹದಿನಾಲ್ಕು ಮಂದಿಯ ಕೂಡುಕುಟುಂಬ, ಉಗ್ರಾಣಕ್ಕೆ ಒಂದೇ ಕೀಲಿ. ಒಂದು ಚಮಚ ತುಪ್ಪಕ್ಕೂ ಕೇಳಬೇಕು. “ಬಿಟ್ಟು ಬಂದ್ರ ಸುಖ ಐತಿ ಅಂತ ಹೇಳಾಕ ಬಂದಿಲ್ಲ ನಾ. ಮೂರು ತಿಂಗಳ ಅನ್ನಕ್ಕ ಸಾರು ಇರಲಿಲ್ಲ. ಗಂಡ ನನ್ನ ಮಾರಿ ನೋಡತಿದ್ದ, ನಾ ಗ್ವಾಡಿ ನೋಡತಿದ್ದೆ. ಆದ್ರ ಉಪ್ಪು ಎಷ್ಟ ಹಾಕಬೇಕಂತ ನಾನ ನೋಡಿಕೊಂಡೆ. ತಪ್ಪಾದ್ರೂ ನಂದ ತಪ್ಪು. ಆ ದೇಶದ ಮಂದೀಗೂ ಅದು ಬೇಕಾಗೈತೇನೋ. ಬ್ಯಾಡ ಅನ್ನಾಕ ನಾವ್ಯಾರು?”

ಒಪ್ಪಲಿಲ್ಲ ನಾನು. ದೇಶವೆಂದರೆ ಅಡಿಗೆಮನೆಯಲ್ಲ ಎಂದು ದಿನಚರಿಯ ಅಂಚಿನಲ್ಲಿ ಬರೆದುಕೊಂಡದ್ದು ಈಗಲೂ ಇದೆ. ಆದರೆ ಚಪ್ಪಾಳೆಯನ್ನು ಗಡಿಯಾರ ನೋಡಿ ಅಳೆದೆ. ಬ್ಯಾಂಕಿನವರಿಗೆ 9 ಸೆಕೆಂಡು, ಕಾಕುವಿಗೆ 22.

ಇನ್ನು ಮತದಾನದ ಕ್ರಮ. ಅಧ್ಯಕ್ಷರದ್ದು ಮಾಟುಂಗದಲ್ಲೇ ಉಡುಪಿ ಹೋಟೆಲು. ಪ್ರತಿ ಕಾರ್ಯಕ್ರಮದ ಕೊನೆಗೆ ಅಲ್ಲಿಂದ ಎರಡು ಪಾತ್ರೆ ಬರುತ್ತವೆ, ಒಂದು ಕಾಫಿ, ಒಂದು ಚಹಾ. ಅವರು ಎದ್ದು ನಿಂತು ಘೋಷಿಸಿದರು: “ಇಂಗ್ಲಿಷರದ್ದು ಚಾ. ಆಚೆ ಯುರೋಪಿನವರದ್ದು ಕಾಫಿ. ಬಿಡಬೇಕು ಅನ್ನುವವರು ಚಾ ತಗೊಳ್ಳಿ, ಇರಬೇಕು ಅನ್ನುವವರು ಕಾಫಿ ತಗೊಳ್ಳಿ. ಚೀಟಿ ಬೇಡ, ಪೆಟ್ಟಿಗೆ ಬೇಡ.” ಎಲ್ಲರಿಗೂ ಬಹಳ ಖುಷಿಯಾಯಿತು. ನನಗೂ ಆಯಿತು. ಪಾತ್ರೆಗಳ ನಡುವೆ ಪುಸ್ತಕ ಹಿಡಿದು ನಿಂತೆ, ಲೋಟಕ್ಕೊಂದು ಗೆರೆ.

ಮೂವತ್ತು ಜನ ದಾಟುವವರೆಗೆ ನನಗೆ ಹೊಳೆಯಲೇ ಇಲ್ಲ. ಮೂವತ್ತೊಂದನೆಯವರು ಕುಂದಾಪುರದ ಕಡೆಯ ಅಜ್ಜಿ. ಕಾಕುವಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿದವರು ಕಾಫಿಗೆ ಕೈ ಚಾಚಿದರು.

“ಆಂಟಿ, ಇದು ಇರಬೇಕು ಅನ್ನೋರ ಸೈಡ್,” ಎಂದೆ.

“ಗೊತ್ತುಂಟು ಮಗ. ನನ್ನ ವೋಟು ಅವಳಿಗೇ. ಆದ್ರೆ ಈ ಚಾ ಎಂತದು, ಪಾತ್ರೆ ತೊಳೆದ ನೀರಿನ ಹಾಗೆ! ನೀನು ಹಾಕು ಕಾಫಿ.”

ಅವರ ಹಿಂದಿದ್ದವರೂ ‘ಬಿಡಬೇಕು’ ಎನ್ನುತ್ತಲೇ ಕಾಫಿಗೆ ಬಂದರು. ಸಂಜೆ ಚಹಾ ಕುಡಿದರೆ ಹೊಟ್ಟೆ ಉರಿಯುತ್ತದಂತೆ. ಇನ್ನೊಂದು ಕಡೆ ಧಾರವಾಡದ ಕಾಕಾ ಒಬ್ಬರು, ಇರಬೇಕು ಎನ್ನುವವರು, ಚಹಾ ಹೀರುತ್ತ ಕಣ್ಣು ಹೊಡೆದರು: “ಜೀವ ಹೋದ್ರೂ ಕಾಫಿ ಮುಟ್ಟಂಗಿಲ್ಲವಾ ನಾ.” ಆಗ ನನಗೆ ತಿಳಿಯಿತು. ಕರಾವಳಿಯವರದ್ದು ಕಾಫಿ, ಬಯಲುಸೀಮೆಯವರದ್ದು ಚಹಾ; ನಾವು ಎಣಿಸುತ್ತಿದ್ದುದು ಯಾರು ಯಾವ ಊರಿನವರು ಎಂಬುದನ್ನು ಮಾತ್ರ. ಅಲ್ಲಿಂದ ಮುಂದೆ, ಲೋಟವೂ ಮತವೂ ಬೇರೆ ಎಂದು ಬಾಯಿಬಿಟ್ಟು ಹೇಳಿದವರ ಗೆರೆಯ ಮೇಲೆ ಅಡ್ಡಗೆರೆ ಎಳೆದೆ. ಎರಡನೆಯ ಲೋಟಕ್ಕೆ ಬಂದವರನ್ನು ಬರೆಯಲಿಲ್ಲ.

ಒಟ್ಟು 112. ಕಾಫಿ 73, ಚಹಾ 39. ಅಡ್ಡಗೆರೆ 17: ಕಾಫಿ ಕುಡಿದು ‘ಬಿಡಬೇಕು’ ಎಂದವರು 15, ಚಹಾ ಕುಡಿದು ‘ಇರಬೇಕು’ ಎಂದವರು 2. ಮೊದಲ ಮೂವತ್ತು ಜನರ ಮನಸ್ಸು ಗೊತ್ತಿಲ್ಲ. ಅದು ನನ್ನ ತಪ್ಪು.

ಅಧ್ಯಕ್ಷರು ಹಾಳೆ ಮುಂದಿಟ್ಟರು. “ಎಪ್ಪತ್ತಮೂರು, ಮೂವತ್ತೊಂಬತ್ತು. ಸೈನ್ ಮಾಡು.”

“ಮಾಡೋದಿಲ್ಲ ಅಂಕಲ್. ಇದು ವೋಟಿಂಗ್ ಅಲ್ಲ. ಇದು ಆರ್ಡರ್.”

“ಎಂತ ಆರ್ಡರ್?”

“ಹೋಟೆಲ್‌ದಲ್ಲಿ ಕೊಡ್ತಾರಲ್ಲ, ಆ ಆರ್ಡರ್. ಹ್ಯಾಂಡ್ಸ್ ಎತ್ತಿಸಿ, ನಾನು ಕೌಂಟ್ ಮಾಡ್ತೀನಿ.”

ನನ್ನ ಕನ್ನಡ ಆಗ ಇಷ್ಟೇ ಇತ್ತು. ಕೋಪ ಬಂದರೆ ಇನ್ನೂ ಕಡಿಮೆ. ಎರಡನೆಯ ಸಾಲಿನಲ್ಲಿದ್ದ ಅಪ್ಪ ಕಣ್ಣಿನಲ್ಲೇ ಬೇಡವೆಂದರು. “ಗೆದ್ದವರು ಹೇಗೂ ಗೆದ್ದಿದ್ದಾರಲ್ಲ, ಸುಮ್ಮನೆ ಯಾಕೆ ರಗಳೆ?” ಎಂದರು ಯಾರೋ. ನಾನು ಪೆನ್ನಿನ ಮುಚ್ಚಳ ಹಾಕಿದೆ. ಕೊನೆಗೆ ಕಾಕುವೇ ಮುಂದೆ ಬಂದರು. “ನಂಗ ಗೆದ್ದೀ ಅಂತ ಹೇಳಬ್ಯಾಡ್ರಿ. ಸೋತ್ರ ಸೋತೆ. ಆದ್ರ ನನ್ನ ಸೋಲು ಚಾದ ಪಾತ್ರಿಯೊಳಗ ಅಳೀಬ್ಯಾಡ್ರಿ.”

ಅಧ್ಯಕ್ಷರು ಗೊಣಗುತ್ತ ಕೈ ಎತ್ತಿಸಿದಾಗ 6 ಗಂಟೆ 25. ಹಳಿ ರಿಪೇರಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕ್ ಇದ್ದ ಭಾನುವಾರ, ಗಾಡಿಗಳ ಮೇಲೆ ಭರವಸೆ ಇಲ್ಲ ಎಂದು ಡೊಂಬಿವಲಿ, ಠಾಣೆ ಕಡೆಯವರು ಲೋಟ ಇಟ್ಟವರೇ ಸ್ಟೇಷನ್ನಿಗೆ ನಡೆದಿದ್ದರು. ಉಳಿದವರು 86. ಎರಡು ಸಲ ಎಣಿಸಿದೆ. ಇರಬೇಕು 45, ಬಿಡಬೇಕು 41.

ಕಾಕು ಸೋತಿದ್ದರು. ನಾಲ್ಕು ಕೈಗಳಿಂದ. ಈ ಹಾಳೆಗೆ ಸಹಿ ಹಾಕಿದೆ. ಕಾಕು ಅದನ್ನು ಓದಿ, “ಹಾಂ, ಇದು ಸೋಲು,” ಎಂದು ತಲೆ ಎತ್ತಿಕೊಂಡೇ ಮನೆಗೆ ಬಂದರು. ಹನ್ನೆರಡು ದಿನದ ಮೇಲೆ, ಅಲ್ಲಿ ಬಿಡುವವರೇ ಗೆದ್ದರೆಂಬ ಸುದ್ದಿ ಬಂದ ದಿನ, ಅವರು ಕುಣಿಯಲಿಲ್ಲ. “ಇನ್ನ ಸಾರಿಲ್ಲದ ತಿಂಗಳು ಸುರು,” ಎಂದಷ್ಟೇ ಹೇಳಿದರು.

ಆಗಸ್ಟಿನಲ್ಲಿ ಸಂಘದ ಪತ್ರಿಕೆ ಬಂತು. ಅದರಲ್ಲಿ ಅಚ್ಚಾದದ್ದು 73–39. ಕೆಳಗೆ ‘ಎಣಿಕೆ’ ಎಂದು ನನ್ನ ಹೆಸರು. ನಾನು ಸಹಿ ಹಾಕದ ಅಂಕಿಗೆ ನನ್ನ ಹೆಸರು. ಅಧ್ಯಕ್ಷರ ಹೋಟೆಲಿಗೇ ಹೋಗಿ ಕೇಳಿದೆ. ಅವರು ಸಿಟ್ಟಾಗಲಿಲ್ಲ, ದೋಸೆ ತರಿಸಿದರು. “ಗೆದ್ದದ್ದು ಅದೇ ಪಕ್ಷ ಅಲ್ವಾ? ವ್ಯತ್ಯಾಸ ಎಂತ ಮಾರಾಯ್ತಿ?”

ದೋಸೆ ಮುಟ್ಟಲಿಲ್ಲ. ವ್ಯತ್ಯಾಸವೇನೆಂದು ಇಲ್ಲಿ ಬರೆಯುತ್ತೇನೆ. ಮೂವತ್ತನಾಲ್ಕರಿಂದ ಸೋತವರು ಹಟಕ್ಕೆ ವೇದಿಕೆ ಹತ್ತಿದ ಅಡಿಗೆಯವರು. ನಾಲ್ಕರಿಂದ ಸೋತವರು ಭಾಷಣಕಾರರು. ಇದು ನನ್ನ ಕಲ್ಪನೆಯಲ್ಲ. ಈ ಏಪ್ರಿಲ್‌ನಲ್ಲಿ, 2017ರ ಚರ್ಚೆಗೆ ಕಾಕು ಮತ್ತೆ ಹೆಸರು ಕೊಟ್ಟರು. ಸಮಿತಿ ಆ ಪತ್ರಿಕೆಯನ್ನೇ ಮುಂದೆ ಹಿಡಿಯಿತು: ಕಳೆದ ಸಲ ಸಭೆಯ ಒಲವು ಇಷ್ಟೇ ಇತ್ತು, ಬೇರೆಯವರಿಗೂ ಅವಕಾಶ ಬೇಡವೇ? ಅವರ ಹೆಸರು ಪುನಃ ಅಡಿಗೆಯ ಪಟ್ಟಿ ಸೇರಿತು. ಅದನ್ನು ಕಾಕು ಅಲ್ಲೇ, ಎಲ್ಲರ ಎದುರು, ತಾವೇ ಹೊಡೆದುಹಾಕಿದರು. “ಸಂಘ ಬಿಡಂಗಿಲ್ಲ. ಒಲಿ ಬಿಟ್ಟೆ. ಉಪ್ಪಿಟ್ಟು ನೀವ ಮಾಡ್ಕೋರಿ.”

ಮೇ ಕೊನೆಯ ಭಾನುವಾರ ಸರ್ವಸದಸ್ಯರ ಸಭೆ ಇದೆ. ಸರಿಯಾದ ಎಣಿಕೆಯನ್ನು ಅಲ್ಲಿ ಓದುತ್ತೇನೆ. ಮೈಕು ಕೊಡದಿದ್ದರೆ ಮೈಕಿಲ್ಲದೆ ಓದುತ್ತೇನೆ. ಲೋಟ ಹಿಡಿದವರು 112, ಕೈ ಎತ್ತಿದವರು 86. ನಡುವೆ ಹೊರಟುಹೋದವರು 26. ಈ ಹತ್ತು ತಿಂಗಳಲ್ಲಿ ಅವರಲ್ಲಿ 9 ಜನರನ್ನು ಹುಡುಕಿ ಕೇಳಿದ್ದೇನೆ: ಬಿಡಬೇಕು 5, ಇರಬೇಕು 4. ಅಂದರೆ ಈಗ 49–46. ಇನ್ನೂ 17 ಜನ ಸಿಕ್ಕಿಲ್ಲ. ಅವರಿಂದ ಕಾಕು ಗೆಲ್ಲಲೂಬಹುದು, ಇನ್ನಷ್ಟು ಸೋಲಲೂಬಹುದು. ಏನೇ ಬಂದರೂ ಬಂದದ್ದನ್ನೇ ಓದುತ್ತೇನೆ.

ಆ ಸಂಜೆ 6 ಗಂಟೆ 25ಕ್ಕೆ ಮೊದಲು ಹೊರಟವರಲ್ಲಿ ನೀವೂ ಒಬ್ಬರಾಗಿದ್ದರೆ, ಅಥವಾ ಅಂಥವರು ನಿಮಗೆ ಗೊತ್ತಿದ್ದರೆ, ದಯವಿಟ್ಟು ನನಗೆ ಬರೆಯಿರಿ. ಏನು ಕುಡಿದಿರಿ ಎಂಬುದು ಬೇಡ. ಯಾವ ಪಕ್ಷಕ್ಕೆ ಕೈ ಎತ್ತುತ್ತಿದ್ದಿರಿ ಎಂದು ಮಾತ್ರ ತಿಳಿಸಿ.