ತೋಳೋ, ಕುಲಾವಿಯೋ

ಚನ್ನರಾಯಪಟ್ಟಣದ ಬಸದಿ ಬೀದಿಯಲ್ಲಿ ರಾಜೀಮತಿಯ ಬಾಯಿಗೆ ಹೆದರದ ಜೀವ ಎರಡೇ. ಒಂದು ಅವಳ ತಮ್ಮನ ಎಮ್ಮೆ, ಇನ್ನೊಂದು ಅವಳ ತಮ್ಮನ ಹೆಂಡತಿ. ಎಮ್ಮೆಗಾದರೂ ಹೊಟ್ಟೆ ತುಂಬಿದ ಮೇಲೆ ಸುಮ್ಮನಿರುವ ಬುದ್ಧಿಯಿತ್ತು. ಚಕ್ರೇಶ್ವರಿಗೆ ಅದೂ ಇರಲಿಲ್ಲ. ಒಂದೇ ಸೂರಿನ ಕೆಳಗಿದ್ದುಕೊಂಡು ಈ ಇಬ್ಬರು ಹೆಂಗಸರು ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಹೇಳಬೇಕಾದ್ದನ್ನೆಲ್ಲ ಜಗುಲಿಯ ಪಕ್ಕದ ಕೊಟ್ಟಿಗೆಯಲ್ಲಿ ಕಟ್ಟಿದ್ದ ಎಮ್ಮೆಗೆ ಹೇಳುತ್ತಿದ್ದರು. ಪಾಪ, ಅದು ಅಷ್ಟು ಬೈಗುಳ ಕೇಳಿಕೊಂಡೂ ಎರಡು ಹೊತ್ತು ಹಾಲು ಕೊಡುತ್ತಿತ್ತು.

ರಾಜೀಮತಿಯನ್ನು ಕೊಣನೂರಿಗೆ ಕೊಟ್ಟಿದ್ದರು. ಹಾಸನದ ಆಸ್ಪತ್ರೆ ಸೇರಿದ ಗಂಡ ಎದ್ದು ಬರಲಿಲ್ಲ. ಅವನ ಮಂಚದ ಪಕ್ಕ ಕೂತು ಅವಳು ಕಲಿತದ್ದು ಒಂದೇ ವಿದ್ಯೆ, ಉಣ್ಣೆ ಹೆಣೆಯುವುದು. "ಅಳ್ತಾ ಕೂತ್ರೆ ಕೈಗೂ ಕಾಯಿಲೆ ಹಿಡಿಯುತ್ತೆ ಕಣಮ್ಮ" ಎಂದು ಅಲ್ಲಿಯ ನರ್ಸಮ್ಮ ಒಬ್ಬಳು ಹೇಳಿಕೊಟ್ಟಿದ್ದಳು. ಗಂಡ ಹೋದ ಮೇಲೆ ಕೊಣನೂರಿನ ಮೈದುನ ಜಿನ್ನಪ್ಪ ಅವಳಿಗೆ ರಾಗಿ ತುಂಬಿಡುವ ವಾಡೆಯ ಮಗ್ಗುಲಲ್ಲಿ ಚಾಪೆ ತೋರಿಸಿದ. ಉಂಡರೆ ಕೆಂಗಣ್ಣು, ಉಣ್ಣದಿದ್ದರೆ ಚುಚ್ಚುಮಾತು. ಒಂದು ಬೆಳಿಗ್ಗೆ ಟ್ರಂಕು ಎತ್ತಿಕೊಂಡು ತಮ್ಮ ಪದ್ಮರಾಜಯ್ಯನ ಮನೆಗೆ ಬಂದುಬಿಟ್ಟಳು. ಮತ್ತೆ ಆ ಊರಿನ ದಿಕ್ಕಿಗೆ ತಲೆಯಿಟ್ಟು ಮಲಗಲೂ ಇಲ್ಲ.

ತಮ್ಮನ ಮನೆಯಲ್ಲಿ ಅಡುಗೆಮನೆ ಚಕ್ರೇಶ್ವರಿಯದು, ಕೊಬ್ಬರಿ ಉಗ್ರಾಣ ಪದ್ಮರಾಜಯ್ಯನದು. ಇವಳಿಗೆ ಉಳಿದದ್ದು ಜಗುಲಿ. ಸೈಕಲ್ ಚಕ್ರದ ಹಳೆಯ ಕಡ್ಡಿಗಳನ್ನು ಬಾವಿಕಟ್ಟೆಯ ಕಲ್ಲಿಗೆ ಉಜ್ಜಿ ತುದಿ ನಯ ಮಾಡಿಕೊಂಡು ಅಲ್ಲಿಯೇ ಕೂತು ಹೆಣೆಯುತ್ತಿದ್ದಳು. ಅದಕ್ಕೂ ಚಕ್ರೇಶ್ವರಿಯ ತಕರಾರು. ಉಣ್ಣೆ ಮೈಮೇಲಿದ್ದರೆ ಬಸದಿಯೊಳಗೆ ಕಾಲಿಡುವಂತಿಲ್ಲ. ಅಂಥದ್ದು ಜೈನರ ಮನೆಯ ಹೊಸ್ತಿಲು ದಾಟಬಹುದೇ?

"ಕುರಿ ಕೂದ್ಲು ಒಳಗೆ ಬಂದ್ರೆ ಒಲೆ ಹಚ್ಚಲ್ಲ ನಾನು" ಎಂದು ಅವಳು ಎಮ್ಮೆಗೆ ಹೇಳಿದಳು.

"ಒಲೆ ಹಚ್ಚಿದ ದಿನ ಮಾತ್ರ ಏನು ಅಮೃತ ಬೇಯುತ್ತಿತ್ತೋ" ಎಂದು ರಾಜೀಮತಿಯೂ ಎಮ್ಮೆಗೇ ಹೇಳಿದಳು. ಅಂದಿನಿಂದ ಉಣ್ಣೆಯ ಬುಟ್ಟಿ ಜಗುಲಿಯ ಗೂಟಕ್ಕೆ ನೇತುಬಿತ್ತು.

ಎದುರು ಮನೆಯ ಸುವರ್ಣಮ್ಮ ಶಿವಭಕ್ತರ ಮನೆಯವಳು. ಅವಳಿಗೆ ಇದು ಸೋಜಿಗ. "ನಮ್ಮಲ್ಲಿ ಕಂಬ್ಳಿ ಆಸಿದ್ರೇನೇ ಗದ್ದಿಗೆ. ನಿಮ್ಮಲ್ಲಿ ಅದೇ ಮೈಲಿಗೆಯಾ?" ಎಂದು ನಗುತ್ತಿದ್ದಳು. ಮಧ್ಯಾಹ್ನ ಅವಳು ಬಂದು ಕೂತರೆ ಮುಂದೆ ಏನು ಹೆಣೆಯಬೇಕು ಎಂಬ ಮಾತು ಏಳುತ್ತಿತ್ತು. ಅವಳ ಗಂಡ ಪಾಲಾಕ್ಷಪ್ಪನಿಗೆ ಮಫ್ಲರು, ಆಮೇಲೆ ಕಾಲುಚೀಲ, ಉಳಿದ ಬಣ್ಣಬಣ್ಣದ ತುಂಡು ದಾರದಲ್ಲಿ ಸುವರ್ಣಮ್ಮನ ಬೆನ್ನಿಗೊಂದು ಶಾಲು. ಯುದ್ಧದ ಕಾಲ. ಉಣ್ಣೆ ಸಿಕ್ಕುವುದೇ ಕಷ್ಟ. ಆದರೂ ಇನ್ನೂ ಕಡ್ಡಿಗೇರದ ಬಟ್ಟೆಯ ಬಗ್ಗೆ ಮಾತಾಡುವಾಗ ರಾಜೀಮತಿಯ ಹುಬ್ಬಿನ ಗಂಟು ಸ್ವಲ್ಪ ಸಡಿಲವಾಗುತ್ತಿತ್ತು. ಆ ಹೊತ್ತಿನಲ್ಲಿ ಕೇಳಿದರೆ ಯಾರಿಗೆ ಬೇಕಾದರೂ ಹೆಣೆದುಕೊಡುವವಳೇ.

ಆ ವರ್ಷ ಮೊದಲ ಸರದಿ ತಮ್ಮನದು. ಪದ್ಮರಾಜಯ್ಯ ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲೇ ಓಡುತ್ತಿದ್ದ ಮುಂಜಾನೆಯ ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ಬರುತ್ತ ಕೆಮ್ಮು ಹಚ್ಚಿಕೊಂಡಿದ್ದ. ಬೂದು ಬಣ್ಣದ ಉಣ್ಣೆಯನ್ನು ಅವನೇ ತಂದುಕೊಟ್ಟಿದ್ದ. ಎದೆ, ಬೆನ್ನು ಮುಗಿಸಿ ರಾಜೀಮತಿ ತೋಳಿಗೆ ಕೈಹಾಕಿದಳು. ಅವಳು ತೋಳನ್ನು ಮುಂಗೈಯಿಂದ ಮೇಲಕ್ಕೆ ಹೆಣೆಯುವವಳು, ನಾಲ್ಕು ಕಡ್ಡಿಯ ಮೇಲೆ ದುಂಡಗೆ. ಅಂಗೈಯುದ್ದ ಬಂದಿತ್ತು.

ಆಗ ಚಕ್ರೇಶ್ವರಿಗೆ ಏಳು ತಿಂಗಳು ತುಂಬಿತ್ತು. ತವರಿನಲ್ಲಿ ಎರಡು ಕೂಸು ಕಳೆದುಕೊಂಡು ಈ ಸಲ ಹೆರಿಗೆ ಇಲ್ಲೇ ಎಂದು ಹಟ ಹಿಡಿದಿದ್ದಳು. ಮನೆಯಲ್ಲಿ ಒಂದು ತುಂಡು ಹಳೆಬಟ್ಟೆಯನ್ನೂ ಕೂಸಿಗೆಂದು ಎತ್ತಿಡಲು ಬಿಟ್ಟಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂದು ಬೇರೆಯವರು ಗಾದೆಗೆ ಹೇಳುತ್ತಾರೆ. ಅವಳಿಗೆ ಅದು ಎರಡು ಸಲ ಮಣ್ಣು ಮಾಡಿ ಬಂದ ಸತ್ಯ. ಅಂಥವಳು ಎಮ್ಮೆಗೆ ಕಲಗಚ್ಚು ಇಡಲು ಬಂದು ಗಂಡನ ಅಕ್ಕನ ಕೈಯಲ್ಲಿ ದುಂಡಗಿನ, ಪುಟ್ಟ, ಮೆತ್ತನೆಯದೊಂದನ್ನು ಕಂಡಳು. ಬಕೆಟ್ಟು ಅಲ್ಲೇ ಬಿತ್ತು.

"ಬನ್ನಿ ಇಲ್ಲಿ" ಎಂದು ಗಂಡನನ್ನು ಕೂಗಿದಳು. "ನಿಮ್ಮಕ್ಕ ಏನು ಹೆಣೀತಾ ಕೂತವ್ರೆ ನೋಡಿ. ಕುಲಾವಿ. ಹೊಟ್ಟೇಲಿರೋ ಕೂಸಿಗೆ, ಗಂಡನ್ನ ನುಂಗಿದ ಕೈಲಿ, ಕುರಿ ಕೂದ್ಲಿನ ಕುಲಾವಿ. ಇದೂ ಮಣ್ಣಿಗೆ ಹೋಗ್ಲಿ ಅಂತ ತಾನೇ?"

ರಾಜೀಮತಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾಗಿ "ತೋಳು ಕಣೋ ಇದು, ನಿಂದೇ ತೋಳು" ಎನ್ನುವಷ್ಟರಲ್ಲಿ ಚಕ್ರೇಶ್ವರಿ ಕೈಹಾಕಿ ನಾಲ್ಕೂ ಕಡ್ಡಿ ಕಿತ್ತು ಬಾವಿಗೆ ಎಸೆದಿದ್ದಳು. ಹೆಣಿಗೆಯ ಕುಣಿಕೆಗಳು ಬಾಯಿ ಬಿಟ್ಟುಕೊಂಡು ಜಾರತೊಡಗಿದವು. ರಾಜೀಮತಿ ಗೋಣಿ ಹೊಲಿಯುವ ದಬ್ಬಳಕ್ಕೆ ಹುರಿ ಪೋಣಿಸಿ ಒಂದೊಂದೇ ಕುಣಿಕೆಯನ್ನು ಆ ಹುರಿಯಲ್ಲಿ ಹಿಡಿದಳು.

ಪದ್ಮರಾಜಯ್ಯ ಆ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿದ. ಕಾಯಿಯನ್ನು ಅಲ್ಲಾಡಿಸಿಯೇ ಒಳಗಿನ ಕೊಬ್ಬರಿ ಹೇಗಿದೆಯೆಂದು ಹೇಳುವ ಮನುಷ್ಯನಿಗೆ ತೋಳು ಯಾವುದು, ಟೋಪಿ ಯಾವುದು ತಿಳಿಯಲಿಲ್ಲ. ಹೆಂಡತಿಯ ಹೊಟ್ಟೆ ನೋಡಿದ, ಅಕ್ಕನ ಮುಖ ನೋಡಿದ. ಗಂಡಸರು ಇಂಥ ಹೊತ್ತಿನಲ್ಲಿ ಯಾವ ಕಡೆ ವಾಲುತ್ತಾರೆಂದು ಹೇಳಿಕೊಡಬೇಕೇ?

"ಅಕ್ಕ, ಹೆರಿಗೆ ಆಗೋಗ್ಲಿ. ಆಮೇಲೆ ನೀನು ಕೊಣನೂರಿಗೆ ಹೋಗ್ಬಿಡು" ಎಂದ.

ಕೊಣನೂರು ಎಂಬ ಹೆಸರಿಗೆ ರಾಜೀಮತಿ ಆ ತುಂಡನ್ನು ತಮ್ಮನ ಕೈಯಿಂದ ಕಿತ್ತುಕೊಂಡಳು. ಕಿತ್ತುಕೊಂಡು ಹೇಳಿದಳು: "ಕಡ್ಡಿ ಸಿಗ್ಲಿ. ಇದೇ ಕುಣಿಕೆಯಿಂದ ನಿನ್ನ ಮೊಣಕೈ ತನಕ ಹೆಣೆದು ತೋರಿಸ್ತೀನಿ. ಮೊಣಕೈ ಉದ್ದದ ಕುಲಾವಿ ಹಾಕೋ ಕೂಸು ಯಾವ ದೇಶದಲ್ಲಿದೆ, ನಾನೂ ನೋಡ್ತೀನಿ."

"ತೋಳೇ ಆದ್ರೆ ನೀನೆಲ್ಲೂ ಹೋಗ್ಬೇಡ" ಎಂದ ತಮ್ಮ. ಅಷ್ಟಕ್ಕೇ ಚಕ್ರೇಶ್ವರಿ ಒಳಗೆ ಹೋಗಿ ಬಾಗಿಲು ಬಡಿದಳು.

ಕಡ್ಡಿ ಸಿಗುವುದು ಸುಲಭವಿರಲಿಲ್ಲ. ಸೈಕಲ್ ಅಂಗಡಿಯವನಿಗೆ ಯುದ್ಧದ ದೆಸೆಯಿಂದ ಕಡ್ಡಿಯೂ ಬಂಗಾರ. ಸುವರ್ಣಮ್ಮ ಅವನ ಬೆನ್ನು ಬಿದ್ದಳು. ಅಷ್ಟು ದಿನವೂ ಆ ತೋಳಿನ ತುಂಡು ರಾಜೀಮತಿಯ ಮಡಿಲಲ್ಲೇ ಇತ್ತು. ಸ್ನಾನಕ್ಕೆ ಹೋದಾಗಲೂ ಕಣ್ಣಳತೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಒಲೆಗೆ ಹಾಕಿಬಿಟ್ಟರೆ ಅವಳಿಗೆ ಬೇರೆ ಸಾಕ್ಷಿ ಯಾವುದಿತ್ತು? ಕೊನೆಗೆ ಒಂದು ಬೆಳಿಗ್ಗೆ ಸುವರ್ಣಮ್ಮ ಸೆರಗಿನಲ್ಲಿ ಕಡ್ಡಿ ಮುಚ್ಚಿಕೊಂಡು ಬೀದಿ ದಾಟಿ ಬಂದಳು. ಅದೇ ಬೆಳಿಗ್ಗೆ ಒಳಗೆ ಚಕ್ರೇಶ್ವರಿ ಗೋಡೆ ಹಿಡಿದು ಕುಸಿದಳು. ದಿನ ತುಂಬಲು ಇನ್ನೂ ತಿಂಗಳಿತ್ತು.

ಸೂಲಗಿತ್ತಿ ದೊಡ್ಡತಾಯಮ್ಮ ಬಂದಳು. ಬಿಸಿಲು ಅಂಗಳಕ್ಕಿಳಿಯುವ ಹೊತ್ತಿಗೆ ಹೆಣ್ಣುಕೂಸು ಹುಟ್ಟಿತು. ಅಳುವುದಕ್ಕೂ ಶಕ್ತಿಯಿಲ್ಲದ, ತುಟಿ ನೀಲಿಗಟ್ಟಿದ ಕೂಸು. ಪುಷ್ಯದ ಚಳಿ ಹೊಗೆಯಂತೆ ಬಾಗಿಲ ಸಂದಿನಲ್ಲೂ ನುಗ್ಗುತ್ತಿತ್ತು. ಕೆಂಡ ಇಟ್ಟರು, ಸೀರೆ ಸುತ್ತಿದರು.

"ತಲೇಲೇ ಕಾವೆಲ್ಲ ಓಗ್ತಾ ಅದೆ ಕಣವ್ವಾ" ಎಂದು ದೊಡ್ಡತಾಯಮ್ಮ ಬಾಗಿಲಿಗೆ ಬಂದಳು. "ಅತ್ತಿ ಬಟ್ಟೆ ಸಾಲಾಕಿಲ್ಲ. ಉಣ್ಣೇದು ಏನಾರ ಇದ್ರೆ ಕೊಡಿ, ಬಿರ್ರನೆ. ಇಲ್ದಿದ್ರೆ ಇದ್ನೂ ಮರ್ತ್ಬುಡಿ."

ಸ್ವೆಟರಿನ ಎದೆ, ಬೆನ್ನು ಬುಟ್ಟಿಯಲ್ಲಿದ್ದವು. ರಾಜೀಮತಿ ಅವನ್ನು ಕೊಟ್ಟಳು. ಮೈಗೆ ಸುತ್ತಲು ಆಯಿತು. ತಲೆಗೆ ನಿಲ್ಲುವಂಥದ್ದು ಆ ಮನೆಯಲ್ಲಿ ಒಂದೇ ಇತ್ತು. ಅದು ಅವಳ ಮಡಿಲಲ್ಲಿತ್ತು. ಹೊಸ ಕಡ್ಡಿ ಕೈಯಲ್ಲಿತ್ತು. ಇನ್ನೊಂದಿಷ್ಟು ದಿನ ಹೆಣೆದಿದ್ದರೆ ಮೊಣಕೈ ಮುಟ್ಟುತ್ತಿತ್ತು. ಈ ದರಿದ್ರ ಮನೆಯ ಕೂಸು ಅಷ್ಟು ದಿನ ಒಳಗಿರಬಾರದಿತ್ತೇ ಎಂದು ಅವಳಿಗೆ ನಿಜವಾಗಿಯೂ ಕೋಪ ಬಂತು. ಕೋಪದಲ್ಲೇ ಕುಣಿಕೆಗಳೊಳಗಿನ ಹುರಿಯನ್ನು ಜಗ್ಗಿ ಎಳೆದಳು. ತೋಳಿನ ಮೇಲುಬಾಯಿ ಮುದುಡಿ ಮುಚ್ಚಿಕೊಂಡಿತು. ಗಂಟು ಹಾಕಿ ಕೊಟ್ಟಳು. ದೊಡ್ಡತಾಯಮ್ಮ ಅದನ್ನು ಕೂಸಿನ ತಲೆಗೆ ಎಳೆದು ತೊಡಿಸಿದಳು. ಹೇಳಿ ಮಾಡಿಸಿದಂತೆ ಕೂತಿತು. ಮಧ್ಯಾಹ್ನದ ಹೊತ್ತಿಗೆ ಕೂಸು ಕಿರುಚಿತು, ಥೇಟು ಅವರಮ್ಮನ ಹಾಗೆ.

ಕಣ್ಣು ಬಿಟ್ಟ ಚಕ್ರೇಶ್ವರಿ ಮೊದಲು ನೋಡಿದ್ದು ಕೂಸನ್ನು, ಆಮೇಲೆ ಅದರ ತಲೆಯನ್ನು.

"ಕುಲಾವಿ ಅಲ್ಲ ಅಂತಿದ್ರಲ್ಲ ನಿಮ್ಮಕ್ಕ" ಎಂದಳು ಗಂಡನಿಗೆ, ದನಿ ಏಳದಿದ್ದರೂ. "ಈಗ ಏನಂತೆ?"

ಪದ್ಮರಾಜಯ್ಯ ಕಣ್ಣಾರೆ ಕಂಡ. ದುಂಡಗಿತ್ತು, ತಲೆಗೆ ಸರಿಯಾಗಿತ್ತು, ಮೇಲೆ ಗಂಟೂ ಇತ್ತು. ಇನ್ನು ಬೇರೆ ತೋಳು ಹೆಣೆದು ತೋರಿಸಿದರೂ ನಂಬುವವರು ಯಾರು? ಕುಲಾವಿ ಮೊದಲು, ತೋಳು ಆಮೇಲೆ ಎನ್ನುತ್ತಾರೆ. ರಾಜೀಮತಿ ವಾದ ಮಾಡಲಿಲ್ಲ. ಹೆರಿಗೆಯ ಸೂತಕ ಕಳೆದ ದಿನ ತಾನೇ ಟ್ರಂಕು ತಂದು ಜಗುಲಿಯ ಮೇಲಿಟ್ಟಳು. ಪದ್ಮರಾಜಯ್ಯ ಬಸ್ಸಿನ ಹೊತ್ತಾಯಿತೆಂದು ಬೀದಿಯ ಕಡೆ ಮುಖ ಮಾಡಿ ನಿಂತಿದ್ದ.

ಚಕ್ರೇಶ್ವರಿ ಕೂಸನ್ನೆತ್ತಿಕೊಂಡು ಹೊಸ್ತಿಲಿಗೆ ಬಂದಳು. ಬಾರದೆ ಇದ್ದರೆ ಅವಳು ಗೆಲ್ಲುತ್ತಿದ್ದಳು. ಆದರೆ ಶತ್ರು ಹೋಗುವುದನ್ನು ನೋಡುವ ಆಸೆ ಯಾರನ್ನು ಬಿಟ್ಟೀತು?

ರಾಜೀಮತಿ ಅವಳ ಮುಂದೆ ಕೈಚಾಚಿದಳು. "ಕೊಡಿಲ್ಲಿ."

"ಏನು?" ಎಂದಳು ಚಕ್ರೇಶ್ವರಿ, ಎಮ್ಮೆಯ ಕಡೆ ನೋಡುತ್ತ.

"ಅದೇ, ಕೂಸನ್ನ ಮಣ್ಣಿಗೆ ಕಳಿಸೋ ಕುಲಾವಿ. ಅಂಥಾದ್ದು ನಿನ್ನ ಮಗಳ ತಲೆ ಮೇಲೆ ಯಾಕಿರ್ಬೇಕು? ತೆಗೆದುಕೊಡು, ಹೊಳೆಗೆ ಎಸೆದು ಹೋಗ್ತೀನಿ. ತೋಳಾದ್ರೆ ಇಟ್ಕೋ."

ಬೀದಿಯಲ್ಲಿ ಸುವರ್ಣಮ್ಮ ನಿಂತುಬಿಟ್ಟಳು. ಚಕ್ರೇಶ್ವರಿಯ ಬಾಯಲ್ಲಿ ಕುಲಾವಿ ಎಂಬ ಮಾತೂ ಬರಲಿಲ್ಲ, ತೋಳು ಎಂಬ ಮಾತೂ ಬರಲಿಲ್ಲ. ಕೂಸಿನ ತಲೆಯ ಮೇಲೆ ಅಂಗೈ ಒತ್ತಿ ಹಿಡಿದು ಹಿಂದಕ್ಕೆ ಸರಿದಳು, ಒಳಗೆ, ಹೊಸ್ತಿಲಾಚೆ.

ಪದ್ಮರಾಜಯ್ಯ ಆ ಕೈಯನ್ನು ನೋಡಿದ. ಅವನು ದಡ್ಡನೇ ಸರಿ, ಆದರೆ ಅಷ್ಟು ದಡ್ಡನಲ್ಲ. ಟ್ರಂಕನ್ನೆತ್ತಿ ಹೆಂಡತಿಯ ಪಕ್ಕದಲ್ಲೇ ಹಾದು ನಡುಮನೆಯಲ್ಲಿಟ್ಟು ಬಂದು ಬಸ್ಸಿಗೆ ಹೊರಟ. ಮೈಮೇಲೆ ಸ್ವೆಟರು ಇರಲಿಲ್ಲವಾಗಿ ಬೀದಿ ತುಂಬ ಕೆಮ್ಮುತ್ತ ಹೋದ.

ಇಷ್ಟಾಯಿತೆಂದು ಅವರಿಬ್ಬರೂ ಅಕ್ಕತಂಗಿಯರಾದರೆಂದುಕೊಂಡರೆ ನಿಮಗೆ ಬಸದಿ ಬೀದಿ ಗೊತ್ತಿಲ್ಲ. ಉಣ್ಣೆಯ ಬುಟ್ಟಿ ಗೂಟದಲ್ಲೇ ಉಳಿಯಿತು, ಬೈಗುಳ ಎಮ್ಮೆಗೇ ಬೀಳುತ್ತಿತ್ತು. ಈ ಮನೆಯವರಿಗೆ ಇನ್ನೊಂದು ಕುಣಿಕೆ ಹಾಕಿದರೆ ತನ್ನ ಕೈ ಸೇದಿಹೋಗಲಿ ಎಂದು ರಾಜೀಮತಿ ಆಣೆಯಿಟ್ಟು, ಪಾಲಾಕ್ಷಪ್ಪನ ಮಫ್ಲರು, ಕಾಲುಚೀಲ, ಸುವರ್ಣಮ್ಮನ ಶಾಲು ಒಂದೊಂದಾಗಿ ಮುಗಿಸಿದಳು. ಪದ್ಮರಾಜಯ್ಯ ತೋಳಿಲ್ಲದ ಸ್ವೆಟರಿನಲ್ಲೇ ಹಾಸನದ ಸಂತೆ ಸುತ್ತಿದ.

ಕೂಸು ಓಡಾಡುವ ಹೊತ್ತಿಗೆ ಚಕ್ರೇಶ್ವರಿಗೆ ಮತ್ತೆ ಏಳು ತುಂಬಿತು. ಒಂದು ಮಧ್ಯಾಹ್ನ ರಾಜೀಮತಿ ಹೊಸ ಉಣ್ಣೆ ಸುತ್ತುತ್ತ, ಮುಂದೇನು ಹೆಣೆಯಲಿ ಎಂದು ಯೋಚಿಸುತ್ತ ಕೂತಿದ್ದಳು. ಚಕ್ರೇಶ್ವರಿ ಜಗುಲಿಗೆ ಬಂದು ನಿಂತಳು. ಎಮ್ಮೆಯ ಕಡೆ ನೋಡಲಿಲ್ಲ.

"ಅತ್ತಿಗೆ, ಹೋದ ಸಲದ್ದು ಕಿವಿ ಮುಚ್ತಿರ್ಲಿಲ್ಲ" ಎಂದಳು, ಜಗಳ ತೆಗೆಯುವ ದನಿಯಲ್ಲೇ.

"ಹೆಂಗೆ ಮುಚ್ಚುತ್ತೆ? ಅದು ತೋಳು ಕಣೆ."

"ಗೊತ್ತು. ಈ ಸಲ ಕಿವಿ ಮುಚ್ಚೋ ಹಂಗೆ ಮಾಡಿ."

ಚಕ್ರೇಶ್ವರಿ ಅಷ್ಟು ಹೇಳಿ ಒಳಗೆ ಹೋದಳು. ರಾಜೀಮತಿ ಉಂಡೆಯನ್ನು ಮಡಿಲಿಗೆ ಹಾಕಿಕೊಂಡು ಕೊಟ್ಟಿಗೆಯ ಕಡೆ ತಿರುಗಿದಳು.

"ಕೇಳಿಸ್ಕೊಂಡ್ಯಾ?" ಎಂದಳು ಎಮ್ಮೆಗೆ. "ಸಾಕ್ಷಿ ನೀನೇ."