ಮೀನು ಮಾರುವವಳು ಶೀಲ ತೆಗೆದುಕೊಂಡದ್ದು

ಕುಂದಾಪುರದ ಮೀನು ಮಾರುಕಟ್ಟೆಯಲ್ಲಿ ನಾನು ಕೂರಲು ಶುರುಮಾಡಿ ಇಪ್ಪತ್ತೆರಡು ವರ್ಷವಾಯಿತು. ಬೆಳಿಗ್ಗೆ ಗಂಗೊಳ್ಳಿ ಬಂದರಿಗೆ ಹೋಗಿ ಬಂಗುಡೆ, ಬೈಗೆ, ಸಿಗಡಿ ತರುತ್ತೇನೆ. ಸಿಕ್ಕಿದ ದಿನ ಏಡಿಯನ್ನೂ ತರುತ್ತಿದ್ದೆ. ಮೀನು ನನ್ನ ಬುಟ್ಟಿಗೆ ಬರುವಾಗಲೇ ಸತ್ತಿರುತ್ತದೆ. ಏಡಿ ಹಾಗಲ್ಲ. ಗಿರಾಕಿ ಕ್ಲೀನ್ ಮಾಡಿ ಕೊಡಿ ಎಂದರೆ ಕೊಂಬಿನಂಥ ಮುಂಗಾಲು ಮುರಿದು, ಮೇಲಿನ ಚಿಪ್ಪು ಕಿತ್ತು, ಎರಡು ತುಂಡು ಮಾಡಿ ಕೊಡಬೇಕು. ತುಂಡಾದ ಮೇಲೂ ಕಾಲುಗಳು ಸ್ವಲ್ಪ ಹೊತ್ತು ಆಡುತ್ತಿರುತ್ತವೆ. ಅದನ್ನು ನಾನು ದಿನಾ ನೋಡುತ್ತಿದ್ದೆ, ಆದರೆ ನೋಡಿದ್ದು ಮನಸ್ಸಿಗೆ ತಾಗುತ್ತಿರಲಿಲ್ಲ.

ತಾಗಲು ಶುರುವಾದದ್ದು ಅಕ್ಕನ ಪರಿಚಯವಾದ ಮೇಲೆ. ಅಕ್ಕ ಎಂದರೆ ಒಡಹುಟ್ಟಿದವರಲ್ಲ, ನನ್ನ ಹಳೆಯ ಗಿರಾಕಿ. ಮುಂಬೈಯ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ಆಯಾ ಆಗಿ ಕೆಲಸ ಮಾಡಿ, ನಿವೃತ್ತಿಯಾದ ಮೇಲೆ ಊರಿಗೆ ಬಂದವರು. ಅಲ್ಲಿನ ಚಾಳಿನ ನೆರೆಯವರ ಜೊತೆ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದರು. ಒಂದು ದಿನ ಪಕ್ಕದ ಬುಟ್ಟಿಯವಳ ಜೊತೆ ಜಾಗದ ವಿಷಯಕ್ಕೆ ನನಗೆ ದೊಡ್ಡ ಜಗಳವಾಯಿತು. ಕೂಗಿ ಕೂಗಿ ತಲೆ ಗಿರ್ರೆಂದು ತಿರುಗಿ ನಾನು ಕೂತಲ್ಲೇ ಕುಸಿದೆ. ಮೀನು ತೆಗೆದುಕೊಳ್ಳಲು ನಿಂತಿದ್ದ ಅಕ್ಕ ಬಗ್ಗಿ, ಒದ್ದೆಯಾಗಿದ್ದ ನನ್ನ ಕೈ ಹಿಡಿದುಕೊಂಡರು.

"ಮಾತಾಡ್ಬೇಡ. ಉಸ್ರ್ ಒಳ್ಗ್ ಹೋಪ್ದ್ ಕಾಣ್. ಹೊರ್ಗ್ ಬಪ್ಪುದ್ ಕಾಣ್. ಬಸ್, ಅಷ್ಟೇ."

ಕಂಡೆ. ಎಷ್ಟೋ ಹೊತ್ತು ಕಂಡೆ. ಮುಂದಿನ ಭಾನುವಾರ ಬೈಂದೂರು ಬಸ್ಸು ಹತ್ತಿ, ಹೆಮ್ಮಾಡಿ ದಾಟಿ, ಅವರ ಮನೆ ಹುಡುಕಿಕೊಂಡು ಹೋದೆ. ಅಲ್ಲಿ ಪ್ರತಿ ಭಾನುವಾರ ಎಂಟು ಹತ್ತು ಜನ ಚಾಪೆ ಹಾಸಿ ಕೂತು ಧ್ಯಾನ ಮಾಡುತ್ತಿದ್ದರು. ನಾನು ಆ ಮನೆಯಲ್ಲಿ ಚಾ ಕುಡಿದದ್ದು ನಮ್ಮ ಕೇರಿಯಲ್ಲಿ ಗೊತ್ತಾಗಿ ಇಬ್ಬರು ಹೆಂಗಸರು ನನ್ನೊಡನೆ ಮಾತು ಬಿಟ್ಟರು. ಅಕ್ಕ ಹುಟ್ಟಿದ ಜಾತಿ ಅವರಿಗೆ ಕಾರಣ. ನಾನು ಹೋಗುವುದು ಬಿಡಲಿಲ್ಲ.

ನಮ್ಮ ಕಡೆ ಭಿಕ್ಷುಗಳು ಇಲ್ಲ. ಘಟ್ಟದ ಮೇಲಿನಿಂದ ವರ್ಷಕ್ಕೊಮ್ಮೆ ಒಬ್ಬರು ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಹಾಗಾಗಿ ನಮ್ಮ ಗುಂಪಿನಲ್ಲಿ ಸಂಶಯ ಬಂದರೆ ಕೇಳುತ್ತಿದ್ದದ್ದು ಫೋನಿನಲ್ಲಿರುವ ಎಐಯನ್ನು. ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದ ಒಬ್ಬರು ಪಾಲಿ ಸಾಲುಗಳ ಅರ್ಥವನ್ನು ಅದರಿಂದಲೇ ಕನ್ನಡಕ್ಕೆ ತಿರುಗಿಸಿ, ಪ್ರಿಂಟ್ ಹಾಕಿಸಿ ನಮಗೆಲ್ಲ ಹಂಚುತ್ತಿದ್ದರು. ಧ್ಯಾನ ಮುಗಿದಾಗ ಗಂಟೆ ಬಾರಿಸುವುದೂ ಅವರ ಫೋನೇ.

ಆ ವರ್ಷ ಬುದ್ಧ ಪೂರ್ಣಿಮೆಗೆ ಒಂದು ತಿಂಗಳಿದೆ ಎನ್ನುವಾಗ ಅಕ್ಕ ನನ್ನನ್ನು ಕೇಳಿದರು. "ಈ ಸಲ ನೀನೂ ಪಂಚಶೀಲ ತಕಂತ್ಯಾ?"

ಐದು ಶೀಲಗಳಲ್ಲಿ ಮೊದಲನೆಯದೇ ಜೀವ ತೆಗೆಯುವುದಿಲ್ಲ ಎನ್ನುವುದು. ನನ್ನ ಕಣ್ಣ ಮುಂದೆ ಏಡಿ ಬಂತು. "ಕಾಂಬ ಅಕ್ಕ" ಎಂದಷ್ಟೇ ಹೇಳಿ ಬಂದೆ.

ಮಗಳು ಬ್ರಹ್ಮಾವರದ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಅವಳು ಸಂಜೆ ಬಂದ ಮೇಲೆ ವಿಷಯ ಹೇಳಿದೆ.

"ಅದಕ್ಕೆಂತ ಅಮ್ಮ, ಕೇಂಬ" ಎಂದು ಫೋನು ನನ್ನ ಬಾಯಿಯ ಹತ್ತಿರ ಹಿಡಿದಳು.

"ಹ್ವಾಯ್, ನಾನ್ ಮೀನ್ ಮಾರುವಳ್. ಜೀವ ಇಪ್ಪು ಏಡಿ ಮುರೂಕೆ ಆತ್ತಾ?"

ಫೋನು ಸ್ವಲ್ಪ ಯೋಚಿಸಿ, ಏಡಿ ಹಾಕಿ ಮುರುಕು ಮಾಡುವ ವಿಧಾನವನ್ನು ಹೇಳಲು ಶುರುಮಾಡಿತು. ಮುರೂಕೆ, ಅಂದರೆ ಮುರಿಯಲು, ಎಂದದ್ದು ಅದಕ್ಕೆ ತಿಂಡಿಯ ಮುರುಕು ಎಂದು ಕೇಳಿತ್ತು. ಅಕ್ಕಿ ಹಿಟ್ಟು ಎರಡು ಲೋಟ ಬೇಕಂತೆ. ಮಗಳು ನಕ್ಕು ನಕ್ಕು ಗೋಡೆಗೆ ಒರಗಿದಳು. ಊಟಕ್ಕೆ ಕೂತಿದ್ದ ಗಂಡನೂ ನಕ್ಕರು.

ಆಮೇಲೆ ಶಾಲೆಯಲ್ಲಿ ಕಲಿತ ಪುಸ್ತಕದ ಕನ್ನಡದಲ್ಲಿ ನಿಧಾನವಾಗಿ ಕೇಳಿದೆ. "ನಾನು ಹೊಟ್ಟೆಪಾಡಿಗಾಗಿ ಮೀನು, ಏಡಿ ಮಾರುತ್ತೇನೆ. ಪಂಚಶೀಲ ತೆಗೆದುಕೊಳ್ಳಬಹುದೇ?" ಈ ಸಲ ಅದಕ್ಕೆ ಅರ್ಥವಾಯಿತು. ನನ್ನ ಪ್ರಶ್ನೆಯ ಪ್ರಾಮಾಣಿಕತೆ ಮೆಚ್ಚುವಂಥದ್ದು ಎಂದಿತು. ಮುಖ್ಯವಾದದ್ದು ಉದ್ದೇಶ, ನೀವು ದ್ವೇಷದಿಂದ ಕೊಲ್ಲುತ್ತಿಲ್ಲ, ಧಾರಾಳವಾಗಿ ತೆಗೆದುಕೊಳ್ಳಬಹುದು ಎಂದಿತು. ನನಗೆ ಎದೆ ಹಗುರವಾಯಿತು.

ಮಗಳಿಗೆ ಸಮಾಧಾನವಾಗಲಿಲ್ಲ. ಅವಳು ಬೇರೆಯಾಗಿ ಟೈಪ್ ಮಾಡಿ ಕೇಳಿದಳು, ಬೌದ್ಧ ಧರ್ಮದ ಪ್ರಕಾರ ಯಾವ ವ್ಯಾಪಾರ ಮಾಡಬಾರದು ಎಂದು. ಅದು ಐದು ವ್ಯಾಪಾರಗಳ ಪಟ್ಟಿ ಕೊಟ್ಟಿತು. ಅದರಲ್ಲಿ ಜೀವಿಗಳನ್ನು ಮಾರುವುದೂ ಇತ್ತು, ಮಾಂಸ ಮಾರುವುದೂ ಇತ್ತು. ನನ್ನ ಅಮ್ಮ ಮೀನು ಮಾರುತ್ತಾಳೆ ಎಂದು ಸೇರಿಸಿದಾಗ, ಕ್ರಮೇಣ ಬೇರೆ ಉದ್ಯೋಗಕ್ಕೆ ಹೋಗುವುದು ಒಳ್ಳೆಯದು ಎಂದಿತು.

"ಬಿಡೂಕೆ ಹೇಳ್ತ್ ಅಮ್ಮ" ಎಂದಳು. ಅವಳ ಮುಖವೂ ಸಣ್ಣಗಾಗಿತ್ತು. ಅವಳು ಓದಿದ್ದು ನನ್ನ ಬುಟ್ಟಿಯಿಂದಲೇ ಅಲ್ಲವೇ.

ಬೋಟಿನಲ್ಲಿ ದುಡಿಯುವ ನನ್ನ ಗಂಡನಿಗೆ ಸಿಟ್ಟು ಬಂತು. "ಇಲ್ಲ್ ಕೊಡ್ ಕಾಂಬ, ನಂಗ್ ಎಂತ ಹೇಳ್ತ್ ಅಂದೇಳಿ" ಎಂದು ಕೈ ತೊಳೆದು ಬಂದರು. ಅಜ್ಜನ ಕಾಲದ ಕಸುಬು ಬಿಟ್ಟರೆ ಹಿರಿಯರಿಗೆ ಅವಮಾನವಲ್ಲವೇ ಎಂದು ಅವರು ಕೇಳಿದರು. ಹೌದು, ಪರಂಪರೆಯ ವೃತ್ತಿಯನ್ನು ಗೌರವದಿಂದ ಮುಂದುವರಿಸುವುದು ಒಂದು ದೊಡ್ಡ ಮೌಲ್ಯ ಎಂದಿತು ಫೋನು. ಅವರು ಗೆದ್ದವರ ಹಾಗೆ ನನ್ನ ಮುಖ ನೋಡಿದರು.

ಒಂದೇ ಮನೆ, ಒಂದೇ ಫೋನು. ಮೂರು ಜನ ಕೇಳಿದರೆ ಮೂರು ಉತ್ತರ. ಅಪ್ಪ ಮಗಳು ಎರಡು ದಿನ ಅದೇ ವಿಷಯಕ್ಕೆ ವಾದ ಮಾಡಿಕೊಂಡರು.

ಮರುವಾರ ಒಂದು ದಿನ ಮಗಳಿಗೆ ರಜೆ. ಮಧ್ಯಾಹ್ನ ಮಾರುಕಟ್ಟೆಯಿಂದ ಬಂದು, ಮಿಂದು, ಅವಳ ಫೋನು ತೆಗೆದುಕೊಂಡು ಜಗಲಿಯಲ್ಲಿ ಒಬ್ಬಳೇ ಕೂತೆ. ಏಡಿ ಮುರಿಯುವುದು ತಪ್ಪಲ್ಲ ಅಲ್ಲವೇ ಎಂದೆ. ನಿಮ್ಮ ಪರಿಸ್ಥಿತಿಯಲ್ಲಿ ತಪ್ಪಲ್ಲ ಎಂದಿತು. ಆದರೆ ಅದಕ್ಕೆ ನೋವಾಗುತ್ತದಲ್ಲ, ತಪ್ಪೇ ಅಲ್ಲವೇ ಎಂದೆ. ನೀವು ಹೇಳಿದ್ದು ಸರಿ, ನನ್ನನ್ನು ಕ್ಷಮಿಸಿ ಎಂದಿತು. ಮೊದಲು ಹೇಳಿದ್ದೇ ಸರಿ ಎಂದು ನನಗೆ ಕಾಣುತ್ತದೆ ಎಂದೆ. ಅದಕ್ಕೂ ಹೌದು ಎಂದಿತು. ಹೀಗೆ ನಾಲ್ಕೈದು ಸಲ ಅತ್ತ ಇತ್ತ ಎಳೆದೆ. ಎಳೆದ ಕಡೆಗೆಲ್ಲ ಬಂತು, ಒಂದು ಸಲವೂ ಬೇಸರ ಮಾಡಲಿಲ್ಲ. ನನಗೆ ನಗು ಬಂತು, ಫೋನು ಮುಚ್ಚಿಟ್ಟೆ.

ಮರುದಿನ ಬುಟ್ಟಿಯಲ್ಲಿದ್ದದ್ದು ಹಿಂದಿನ ದಿನದ ಬಂಗುಡೆ. ಐಸಿನಲ್ಲಿ ಇಟ್ಟದ್ದು. ಒಬ್ಬ ಹೆಂಗಸು ಬಂದು, "ತಾಜಾ ಅಲ್ದಾ? ಐಸಿಂದ್ ನಮ್ಗ್ ಬ್ಯಾಡ" ಎಂದರು.

"ಈಗಳೇ ಬಂದದ್ದ್ ಅಮ್ಮ, ಕೆಂಪ್ ಕಾಣಿ" ಎಂದು ಕಿವಿರು ಎತ್ತಿ ತೋರಿಸಿದೆ. ಅವರು ತೆಗೆದುಕೊಂಡು ಹೋದರು.

ಅವರ ಹಿಂದೆಯೇ ಶಂಕರನಾರಾಯಣ ಊರಿನ ಕಡೆಗೆ ಹೋಗುವ ಒಬ್ಬರು ಬಂದರು. "ದೂರ ತಕಂಡ್ ಹೋಯ್ಕ್. ಐಸ್ ಹಾಕಿದ್ದಲ್ದಾ, ಗಟ್ಟಿ ಇರ್ತಲೆ?"

"ಹೌದ್, ಐಸ್ ಹಾಕಿಯೇ ಇಟ್ಟದ್ದ್. ಎಂತ ಆತಿಲ್ಲೆ" ಎಂದೆ.

ಅದೇ ಬುಟ್ಟಿ, ಅದೇ ಬಂಗುಡೆ. ಅವರು ಹೋದ ಮೇಲೆ ನನ್ನ ಕಿವಿಗೆ ನನ್ನದೇ ಮಾತು ಇನ್ನೊಮ್ಮೆ ಕೇಳಿದ ಹಾಗಾಯಿತು. ಜಗಲಿಯಲ್ಲಿ ಫೋನಿನ ಯಾವ ಗುಣಕ್ಕೆ ನಕ್ಕಿದ್ದೆನೋ, ಇಪ್ಪತ್ತೆರಡು ವರ್ಷದಿಂದ ನಾನು ಮಾಡುತ್ತಿದ್ದದ್ದೂ ಅದನ್ನೇ. ಬಂದವರಿಗೆ ಬೇಕಾದ ಮಾತು ಹೇಳುವುದು. ಅದನ್ನು ಸುಳ್ಳು ಎಂದು ನಾನು ಯಾವತ್ತೂ ಎಣಿಸಿರಲಿಲ್ಲ, ವ್ಯಾಪಾರ ಎಂದು ತಿಳಿದಿದ್ದೆ. ಸುಳ್ಳಾಡುವುದಿಲ್ಲ ಎನ್ನುವುದು ನಾಲ್ಕನೆಯ ಶೀಲ. ನಾನು ಮೊದಲನೆಯದನ್ನೇ ಹಿಡಿದುಕೊಂಡು ಕೂತವಳು, ನಾಲ್ಕನೆಯದರ ಕಡೆ ತಿರುಗಿಯೂ ನೋಡಿರಲಿಲ್ಲ.

ಆ ಮಧ್ಯಾಹ್ನ ಮನೆಗೆ ಹೋಗದೆ ಸೀದಾ ಅಕ್ಕನಲ್ಲಿಗೆ ಹೋದೆ. ಅವರು ಅಕ್ಕಿ ಆರಿಸುತ್ತಿದ್ದರು. ಫೋನಿನ ಕತೆ, ಬಂಗುಡೆಯ ಕತೆ, ಎಲ್ಲ ಹೇಳಿದೆ.

"ಅದರ ಮೇಲೆ ಕೋಪ ಮಾಡ್ಬೇಡ" ಎಂದರು ಅಕ್ಕ. "ಅದ್ಕ್ ಏಡಿ ಮುರ್ದ್ ಗೊತ್ತಿತ್ತಾ? ಕೈಯೇ ಇಲ್ಲೆ ಪಾಪ."

"ಹಂಗಾರೆ ನೀವ್ ಹೇಳಿ. ನಾನ್ ತಕಂಬುದಾ ಬ್ಯಾಡ್ದಾ?"

ಅಕ್ಕ ಮೊರವನ್ನು ಕೆಳಗಿಟ್ಟರು. ಆಮೇಲೆ, "ನಿನ್ ಹತ್ರ ಏಡಿ ತಕಂಡ್ ಹೋಯಿ ಸಾರ್ ಮಾಡಿ ತಿಂಬವ್ಳ್ ನಾನ್. ಕ್ಲೀನ್ ಮಾಡ್ ಅಂತ ನಿಂಗ್ ಹೇಳ್ದವ್ಳೂ ನಾನೇ. ಬಿಡ್ ಅಂತ ಹೇಳೂಕೆ ನಂಗ್ ಬಾಯಿಲ್ಲೆ" ಎಂದರು.

ಅದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಕೇಳಿದ್ದಕ್ಕೆಲ್ಲ ಫೋನು ಹೌದು ಹೌದು ಎಂದ ಆ ದಿನಗಳಲ್ಲಿ, ಹೇಳಲು ನನ್ನಿಂದಾಗದು ಎಂದವರು ಅವರೊಬ್ಬರೇ. ಅಲ್ಲಿಂದ ಎದ್ದು ಹೋಗಲು ನನಗೆ ಮನಸ್ಸಾಗಲಿಲ್ಲ. ಮೊರ ಎಳೆದುಕೊಂಡು ನಾನೂ ಅಕ್ಕಿ ಆರಿಸಿದೆ.

ಬಸ್ಸಿನ ಹೊತ್ತಾದಾಗ ಅಕ್ಕ ಅಂದರು, "ಐದ್ರಲ್ಲಿ ಯಾವ್ದ್ ನಿನ್ ಹತ್ರ ಆತ್ತೋ, ಅದ್ನ್ ತಕೋ. ಆಗ್ದಿದ್ದಕ್ಕೆ ಬಾಯ್ ಮುಚ್ಚ್ಕಂಡ್ ಕೂಕೋ. ಬಾಯಲ್ಲ್ ಹೇಳಿ ಮಾಡ್ದೆ ಇಪ್ಪುದ್ ಬ್ಯಾಡ."

ಪೂರ್ಣಿಮೆಯ ದಿನ ಹನ್ನೆರಡು ಜನ ಸೇರಿದ್ದೆವು. ಅಕ್ಕ ಒಂದೊಂದೇ ಶೀಲ ಹೇಳಿದರು, ಉಳಿದವರು ಹೇಳಿದರು. ಮೊದಲನೆಯದು ಬಂದಾಗ ನಾನು ಸುಮ್ಮನೆ ಕೂತೆ. ಪಕ್ಕದಲ್ಲಿದ್ದ ಅಂಚೆ ಕಚೇರಿಯವರು ನಾನು ಮರೆತೆನೆಂದು ಪ್ರಿಂಟಿನ ಹಾಳೆಯನ್ನು ನನ್ನ ಕಡೆ ಸರಿಸಿದರು. ನಾನು ತಲೆ ಅಲ್ಲಾಡಿಸಿದೆ. ಎರಡು, ಮೂರು ಹೇಳಿದೆ. ನಾಲ್ಕನೆಯದನ್ನು ಒಂದೊಂದೇ ಮಾತಾಗಿ ನಿಧಾನವಾಗಿ ಹೇಳಿದೆ. ಐದನೆಯದನ್ನೂ ಹೇಳಿ ಮುಗಿಸಿದೆ.

ಮಾರನೆಯ ದಿನದಿಂದ ಬುಟ್ಟಿಯ ಮುಂದೆ ನನ್ನ ಬಾಯಿ ತಡವರಿಸತೊಡಗಿತು. ತಾಜಾ ಅಲ್ದಾ ಎಂದು ಕೇಳಿದರೆ, "ಇಲ್ಲೆ ಅಮ್ಮ, ನಿನ್ನೆದ್" ಎನ್ನುತ್ತಿದ್ದೆ. ಕೆಲವರು ನನ್ನನ್ನು ವಿಚಿತ್ರವಾಗಿ ನೋಡಿ ಮುಂದಿನ ಬುಟ್ಟಿಗೆ ಹೋದರು. ಅಲ್ಲಿ ಈಗಷ್ಟೇ ಬಂದ ಮೀನು ಎಂದು ಹೇಳಿ ನನ್ನ ಜೊತೆಗೇ ತಂದ ಮೀನನ್ನು ಕೊಡುತ್ತಿದ್ದರು. ಆ ಒಂದು ವಾರ ಸಂಕಟವಾಯಿತು. ಗಂಡ, "ಮೀನ್ ಮಾರೂಕ್ ಹೋಪ್ದಾ, ಸಾಕ್ಷಿ ಹೇಳೂಕ್ ಹೋಪ್ದಾ ನೀನ್?" ಎಂದು ಕೇಳಿದರು. ನಿಧಾನಕ್ಕೆ ಕೆಲವರು ನನ್ನಲ್ಲಿಗೇ ಬರತೊಡಗಿದರು. ಕೆಲವು ಹಳೆಯ ಗಿರಾಕಿಗಳು ಬರಲೇ ಇಲ್ಲ. ಒಟ್ಟಿನಲ್ಲಿ ಲಾಭವಾಯಿತೆಂದು ಹೇಳಿದರೆ ಅದೂ ಸುಳ್ಳಾಗುತ್ತದೆ.

ಜೂನ್ ಬಂತು. ಮಳೆಗಾಲದ ನಿಷೇಧಕ್ಕೆ ಬೋಟುಗಳು ಕಡಲಿಗೆ ಇಳಿಯದ ಎರಡು ತಿಂಗಳು ಶುರುವಾದವು. ಆ ದಿನಗಳಲ್ಲಿ ಹೊಳೆಯ ಏಡಿಗೆ ಬೇಡಿಕೆ ಜಾಸ್ತಿ, ಪ್ರತಿ ವರ್ಷ ನಾನು ಅದನ್ನೇ ತರುತ್ತಿದ್ದವಳು. ಆ ವರ್ಷ ಬೇಡವೆನಿಸಿತು. ಒಣಮೀನು ಇಟ್ಟುಕೊಂಡು ಕೂತೆ. ಒಂದು ಭಾನುವಾರ ಮಳೆಯಲ್ಲೇ ಅಕ್ಕನ ಮನೆಗೆ ಹೋಗಿ ಬಾಗಿಲಲ್ಲಿ ನಿಂತು, "ಅಕ್ಕ, ಮೊದಲ್ನೇದ್ ನಂಗೀಗ ಕೊಡಿ" ಎಂದೆ.

"ಎಷ್ಟ್ ದಿನಕ್ಕೆ?"

"ಬೋಟ್ ಇಳೂವರಿಗೆ."

ಅಕ್ಕ ನಗಲಿಲ್ಲ. "ಕಾಲ್ ತೊಳ್ಕಂಡ್ ಒಳ್ಗ್ ಬಾ" ಎಂದರು.

ಒದ್ದೆ ಸೀರೆಯಲ್ಲೇ ಚಾಪೆಯ ಮೇಲೆ ಕೂತೆ. ಅವರು ಹೇಳಿದ್ದನ್ನು ಹೇಳಿದೆ. ಮಳೆಯ ಸದ್ದಿಗೋ ಏನೋ, ಮಾರುಕಟ್ಟೆಯಲ್ಲಿ ಗಿರಾಕಿಯನ್ನು ಕರೆಯುವ ಅದೇ ದೊಡ್ಡ ಧ್ವನಿಯಲ್ಲಿ ಹೇಳಿಬಿಟ್ಟೆ. "ಸಣ್ಣಕ್ ಹೇಳ್ರೂ ಸಾಕ್ ಮರಾಯ್ತಿ" ಎಂದರು ಅಕ್ಕ. ಆಗ ಇಬ್ಬರೂ ನಕ್ಕೆವು.

ಆಗಸ್ಟಿನಲ್ಲಿ ಬೋಟುಗಳು ಮತ್ತೆ ಹೊರಟವು. ಶೀಲದ ಗಡುವು ಮುಗಿದರೂ ನಾನು ಮೀನು ಮಾತ್ರ ತರುತ್ತಿದ್ದೇನೆ, ಏಡಿ ತರುವುದಿಲ್ಲ. ಏಡಿ ಕೇಳಿಕೊಂಡು ಬಂದವರಿಗೆ ಪಕ್ಕದ ಬುಟ್ಟಿ ತೋರಿಸುತ್ತೇನೆ. ತೋರಿಸುವುದೂ ಕೊಲ್ಲುವುದರಲ್ಲಿ ಒಂದು ಪಾಲೇ ಅಲ್ಲವೇ ಎಂದು ಒಮ್ಮೆ ಅಕ್ಕನನ್ನು ಕೇಳಿದೆ. ಇರಬಹುದು ಎಂದರು. ಅಕ್ಕ ಈಗಲೂ ಬಂಗುಡೆ ಒಯ್ಯುತ್ತಾರೆ, ಯಾವತ್ತಿನದು ಎಂದು ಕೇಳುವುದಿಲ್ಲ. ಕೇಳದಿದ್ದರೂ ನಾನು ಹೇಳಿಯೇ ಕಟ್ಟಿಕೊಡುತ್ತೇನೆ.